ಹೆಬ್ಬೆಟ್ಟು

ಒಂಬತ್ತು ಮಂದಿ ಇದ್ದಾಗ ಹಾಜರಿ ಇರಲಿಲ್ಲ.
ಉಳಿದ ಚಹಾದ ಲೋಟ ನೋಡಿದರೆ ಗೊತ್ತಾಗುತ್ತಿತ್ತು
ಇವತ್ತು ಯಾರು ಬಂದಿಲ್ಲವೆಂದು.
ಉದ್ಯಮಬಾಗದ ಹಳೆಯ ಫೌಂಡ್ರಿಯ ಮಹಡಿ,
ತಗಡಿನ ಚಾವಣಿ. ಮಳೆ ಹಿಡಿದರೆ
ನಾವು ಹೇಳಿದ್ದು ಪುಣೆಯ ಗಿರಾಕಿಗೆ ಕೇಳುತ್ತಿರಲಿಲ್ಲ,
ಅವನು ಬೈದದ್ದು ನಮಗೆ.

ನೂರಾ ನಾಲ್ಕಾದೆವು.
ಗಾಜಿನ ಬಾಗಿಲು ಬಂತು, ಬಾಗಿಲಿಗೊಂದು ಯಂತ್ರ ಬಂತು,
ನನ್ನ ಹುದ್ದೆಗೆ ಹೊಸ ಹೆಸರು: ಜನ ಮತ್ತು ಸಂಸ್ಕೃತಿ.
ಅಬ್ಬಾ ಕೇಳಿದರು,
"ಅಂದ್ರ ನಾಟಕ ಕಂಪನಿ ಏನವಾ?"

ಯಂತ್ರ ತರಿಸಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ.
ಮೂರು ಕೊಟೇಶನ್ ತರಿಸಿ, ಚೌಕಾಶಿ ಮಾಡಿ,
ಮೊಳೆ ಹೊಡೆಯುವಾಗ ಪಕ್ಕದಲ್ಲೇ ನಿಂತಿದ್ದೆ.

ಎಲ್ಲರನ್ನೂ ಗುರುತಿಸಿತು:
ಮೊನ್ನೆ ಸೇರಿದ ಹುಡುಗಿಯನ್ನು,
ಕುಂದಾ ತಿಂದು ಕೈ ಒರೆಸದ ಸುಹಾಸನನ್ನು.
ಭರಮಾ ಲೋಹಾರರನ್ನು ಮಾತ್ರ ಇಲ್ಲ.

ಮೂವತ್ತೊಂದು ವರ್ಷ ಮೌಲ್ಡಿಂಗ್ ಉಸುಕಿನಲ್ಲಿ
ಕೈಯಾಡಿಸಿದವರು. ಅವರ ಬೆರಳ ಗೆರೆಗಳು
ಯಾವ್ಯಾವುದೋ ಪಂಪಿನ ಹೊಟ್ಟೆ ಸೇರಿ
ಯಾರ್ಯಾರದೋ ಹೊಲದಲ್ಲಿ ನೀರೆತ್ತುತ್ತಿರಬೇಕು.
ನಮ್ಮಲ್ಲಿ ಅವರ ಕೆಲಸ, ನೋಡುವುದು.
ಕುಲುಮೆಯ ವಿಡಿಯೊ ತಡೆದು ತಡೆದು,
"ಇದು ಇನ್ನಾ ಹಸಿ ಐತಿ."
"ಈಗ ಸುರೀರಿ."
"ಹೋತು, ತಡಾ ಆತು."
ನಮ್ಮ ಸಾಫ್ಟ್‌ವೇರ್ ಕಬ್ಬಿಣದ ಕೆಂಪು ಕಲಿತದ್ದು
ಆ ಎರಡು ಕಣ್ಣುಗಳಿಂದ.

ಬೇಗ ಬರುತ್ತಿದ್ದರು. ಹೆಬ್ಬೆರಳು ಒರೆಸಿ ಒತ್ತಿ,
ಊದಿ ಒತ್ತಿ, ಆಮೇಲೆ ಸುಮ್ಮನೆ ನಿಂತು
ಯಾರದೋ ಬೆನ್ನಿಗೆ ಒಳಗೆ ಸರಿಯುತ್ತಿದ್ದರು.
ತಿಂಗಳ ಕೊನೆಗೆ ಹನ್ನೊಂದು ದಿನ ಗೈರು,
ಹನ್ನೊಂದು ಕೆಂಪು ಚೌಕ.
ಸಂಬಳ ತಾನೇ ಕತ್ತರಿಸಿಕೊಂಡಿತು.
ಕೆಳಗೆ ನನ್ನ ಸಹಿ.

"ಬಾಯಾರ, ನಾ ದಿನಾ ಬಂದೀನಲ್ರಿ."

ಹೌದು. ಹನ್ನೊಂದು ಬೆಳಗೂ ಅವರು ನಮಸ್ಕಾರ ಅಂದಿದ್ದರು,
ಹನ್ನೊಂದು ಬೆಳಗೂ ನಾನು ತಿರುಗಿ ಅಂದಿದ್ದೆ.

"ನಮ್ಮಪ್ಪ ಹೆಬ್ಬೆಟ್ಟು," ಎಂದರು, ಕುರ್ಚಿ ತೋರಿಸಿದರೂ ಕೂರದೆ.
"ಒತ್ತಿದ ಕಾಗದದಾಗ ಏನೈತಿ ಅಂತ
ಅವಗ ಯಾರೂ ಓದಿ ಹೇಳಲಿಲ್ಲ.
ಅದಕ್ಕ ನಾ ರಾತ್ರಿ ಶಾಲಿಗೆ ಹೋಗಿ ಸಹಿ ಕಲತೆ.
ಬೇಕಾದ್ರ ಸಹಿ ಇಸ್ಕೊಳ್ರಿ."

ಸಲಹೆಗಾರರ ಬಳಿ ಉಪಾಯವಿತ್ತು. ಏಳನೆಯ ಸಂಕೇತ, ವಿನಾಯಿತಿ.
ತ್ರಿಶಲಾ ಕೇಳಿದಳು (ಕಂಪನಿ ಅವಳದು,
ಈಗಲೂ ಚಪ್ಪಲಿ ಬಿಟ್ಟೇ ಸಭೆಗೆ ಕೂರುತ್ತಾಳೆ):
"ಅವರ ಹೆಸರಿನ ಮುಂದೆ ಹಾಗಂತ ಬರುತ್ತಾ?"
ಬರುತ್ತದೆ.
"ಪ್ರತಿದಿನಾ?"
ಪ್ರತಿದಿನ.
ಅವಳು ತನ್ನ ಹೆಬ್ಬೆರಳನ್ನೇ ನೋಡುತ್ತ ಕುಳಿತಳು.
ಗೋಡೆಗೆ ಅಂಟಿಸಬೇಕಿದ್ದ ಮೌಲ್ಯಗಳ ಪೋಸ್ಟರು
ಸುರುಳಿಯಲ್ಲೇ ಉಳಿಯಿತು.

ಖಡೇಬಜಾರಿನಿಂದ ತಂದೆ, ಕೆಂಪು ಬಟ್ಟೆಯ ರಟ್ಟಿನ
ಉದ್ದನೆಯ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ನು.
ಎಲ್ಲರಿಗೂ. ಬಾಕಿ ಹಣ ತಿರುಗಿ ಹಾಕಿದೆ.
ಕ್ಷಮೆಯ ಪತ್ರ ವಕೀಲರ ನೋಟಿಸಿನಂತೆ ಬಂತು, ಹರಿದೆ,
ಅವರ ಮೇಜಿಗೇ ಹೋಗಿ ನಿಂತೆ.
"ಇರ್ಲಿ ಬಿಡ್ರಿ" ಎಂದು ವಿಡಿಯೊದತ್ತ ತಿರುಗಿದರು.
ಕ್ಷಮಿಸಿದರೆಂದು ನಾನು ಹೇಳಲಾರೆ.
ಕೆಲಸ ಬಾಕಿಯಿತ್ತು.

ಪುಸ್ತಕ ಸುಳ್ಳು ಹೇಳುತ್ತದೆ.
ಸುಹಾಸ ಹತ್ತಕ್ಕೆ ಬಂದು ಒಂಬತ್ತೂವರೆ ಬರೆಯುತ್ತಾನೆ.
ಲೆಕ್ಕದ ಜಿನಗೌಡರು ದಿನಾ ಗೊಣಗುತ್ತಾರೆ.
ಯಾರೋ ಅಂಚಿನಲ್ಲಿ ಬರೆದಿದ್ದಾರೆ,
'ಮಗುವಿಗೆ ಜ್ವರ. ಬಂದೆ, ಮನಸ್ಸು ಬಂದಿಲ್ಲ.'
ಅದರ ಕೆಳಗೆ ಬೇರೆ ಅಕ್ಷರ, 'ಮನೆಗೆ ನಡೀರಿ, ನಾ ನೋಡ್ಕೋತೀನಿ.'

ಯಂತ್ರ ಈಗ ಬರೀ ಗಡಿಯಾರ,
ಐದು ನಿಮಿಷ ಮುಂದೆ.
ಭರಮಾ ಅದರ ಕೆಳಗೆ ನಿಂತು
ಒಂದೊಂದೇ ಅಕ್ಷರವನ್ನು ಉಸುಕು ಗಿಡಿದ ಹಾಗೆ ಒತ್ತಿ ಬರೆಯುತ್ತಾರೆ.
ಹಿಂದೆ ಏಳೆಂಟು ಜನ.
ಲಿಫ್ಟಿನ ಮುಂದೆ ಎಗರಾಡುವವರೂ
ಇಲ್ಲಿ 'ಲೋಹಾರ' ಮುಗಿಯುವವರೆಗೆ ಕಾಯುತ್ತಾರೆ.

ಇನ್ನೂರಾದರೆ ಏನು ಮಾಡೋಣ, ತ್ರಿಶಲಾ ಕೇಳಿದ್ದಾಳೆ.
ಗೊತ್ತಿಲ್ಲ.
ಪುಸ್ತಕದಲ್ಲಿ ಇನ್ನೂ ಅರವತ್ತು ಹಾಳೆ ಇವೆ.