ಬೂತಾಯಿಗೆ ಸೂಜಿ

ಮತ್ರಾದ ಮೀನು ಮಾರ್ಕೆಟ್ಟಿನಿಂದ
ನನ್ನ ಚೀಲದ ವಾಸನೆ ಹಿಡಿದು ಬಂದವಳು ಬೂತಾಯಿ,
ಎಸಿಯ ಹಿಂದೆ ಮಲಗಿ ಮಲಗಿ ನಮ್ಮವಳಾದಳು.

ಸುಡಾನಿನ ಡಾಕ್ಟರಮ್ಮ ಇಖ್ಲಾಸ್
ಸೀಸೆ ಅಲುಗಾಡಿಸುವಾಗ ನನ್ನ ಬಾಯಿ ನಿಲ್ಲಲಿಲ್ಲ:
ಜ್ವರ ಬಂದೀತೆ? ಕಾಲು ಊದೀತೆ?
ಮೂರನೇ ಮಹಡಿಯ ಸೆವ್ರಿನ್ ಬಾಯಿಯ ಬೆಕ್ಕಿಗೆ ಗಂಟೆದ್ದಿತ್ತಂತೆ,
ಮನೆ ಬಿಟ್ಟು ಹೋಗದ ಇವಳಿಗೆ ಇದು ಬೇಕೇ?

ಹನ್ನೊಂದು ವರ್ಷದಿಂದ
ಆಸ್ಪತ್ರೆಯ ಎರಡನೇ ಕೋಣೆಯಲ್ಲಿ
ಕೂಸುಗಳ ತೊಡೆಗೆ ಚುಚ್ಚುವವಳು ನಾನೇ.
"ಮಾಫಿ ಮುಶ್ಕಿಲ್, ಏನೂ ಆಗಲ್ಲ" ಎಂದು
ತಾಯಂದಿರ ಮುಖ ನೋಡದೆ ಹೇಳಿದವಳು.

ಇಖ್ಲಾಸ್ ಹಾಗನ್ನಲಿಲ್ಲ.
ಸೀಸೆ ಕೆಳಗಿಟ್ಟಳು, ಕುರ್ಚಿ ಎಳೆದು ಕೂತಳು.
"ಆಗಬಹುದು. ಅಪರೂಪ. ಒಂದೆರಡು ದಿನ ಮಂಕಾದಾಳು.
ಗಂಟು ತಿಂಗಳು ದಾಟಿದರೆ ಕರೆತಾ.
ರೇಬಿಸ್ ಬಂದರೆ ಮಾತ್ರ ನನ್ನ ಹತ್ತಿರ ಏನೂ ಇಲ್ಲ."

ಸೂಜಿ ಇಳಿಯುವಾಗ ಕಣ್ಣು ಮುಚ್ಚಿದ್ದು ನಾನು.
ಬೂತಾಯಿ ಗೋಡೆಯ ಹಲ್ಲಿ ನೋಡುತ್ತಿದ್ದಳು.

ಈಗ ರಾತ್ರಿ ಎರಡು. ಬಂದರಿನಲ್ಲಿ ಹಡಗೊಂದು ಕೂಗಿತು.
ಅವಳ ಬಲ ತೊಡೆಯ ರೋಮ ಸರಿಸಿ
ಬೆರಳಲ್ಲಿ ತಡಕುತ್ತೇನೆ. ಗಂಟಿಲ್ಲ, ಬಿಸಿಯಿಲ್ಲ.
ಮತ್ತೆ ತಡಕುತ್ತೇನೆ.
ನಾಳೆ ಎಂಟಕ್ಕೆ ಡ್ಯೂಟಿ.
ನನ್ನ ಕೋಣೆಯಲ್ಲಿ ಇನ್ನೊಂದು ಕುರ್ಚಿ ಇದೆಯೋ
ನೆನಪಾಗುತ್ತಿಲ್ಲ.