ನಾಲ್ಕು ಅಂಕದ ಪ್ರಶ್ನೆ

ವಿಯೆಟ್ನಾಮಿನಲ್ಲಿ ಶಿಕ್ಷಣ ಸುಧಾರಣೆಯ ಮಹತ್ವವೇನು?
ಹಲಗೆಯ ಮೇಲೆ ಬರೆದು ತಿರುಗಿದರೆ
ಹನ್ನೊಂದು ಮೊರ, ಹನ್ನೊಂದು ಮಡಿಲು,
ಬೀಡಿ ಎಲೆಗೆ ಕತ್ತರಿಯ ಕಚ್ ಕಚ್.
ಅರ್ಧ ಜನ ಎಸ್ಸೆಸ್ಸೆಲ್ಸಿಗೆ, ಅರ್ಧ ಜನ ಅಕ್ಷರಕ್ಕೆ.
ನಿಪ್ಪಾಣಿಯ ರಾತ್ರಿ ಶಾಲೆಯಲ್ಲಿ
ಕೈ ಖಾಲಿ ಇಟ್ಟು ಯಾರೂ ಕೂರುವುದಿಲ್ಲ.
ಕಿಟಕಿ ತೆರೆದರೂ ತಂಬಾಕಿನ ಘಾಟು,
ಮುಚ್ಚಿದರೂ.

ಹೇಳುತ್ತ ಹೋದೆ:
ಸಾವಿರ ವರ್ಷ ಅವರು ಚೀನದ ಅಕ್ಷರ ಬರೆದರು,
ಒಂದೊಂದಕ್ಕೂ ಚೌಕಟ್ಟು, ತೊಲೆ, ಅಗುಳಿ.
ಒಳಗೆ ಹೊಕ್ಕವರು ದರಬಾರಿಗೆ ಹೋದರು,
ಉಳಿದವರು ಗದ್ದೆಗೆ.
ಆಮೇಲೆ ಪಾದ್ರಿಗಳು ಹೊಸೆದ ಲಿಪಿ, ಫ್ರೆಂಚರು ಹೇರಿದ ಲಿಪಿ;
ಬಂದದ್ದು ಅವರ ಕೆಲಸಕ್ಕೆ,
ನಿಂತದ್ದು ಇವರ ಬಾಯಲ್ಲಿ.
ನಲವತ್ತೈದರಲ್ಲಿ, ಹಸಿವೆಗೆ ಊರೂರೇ ಸತ್ತ ವರ್ಷದಲ್ಲೇ,
ವರ್ಷದೊಳಗೆ ಎಲ್ಲರೂ ಓದಬೇಕು ಅಂದರು.
ಸಂತೆಯ ಬಾಯಲ್ಲಿ ಎರಡು ಬಾಗಿಲು:
ಹಲಗೆಯ ಶಬ್ದ ಓದಿದವರಿಗೆ ಒಂದು,
ಬಾರದವರಿಗೆ ಪಕ್ಕದ ಕೆಸರು.
ಎಮ್ಮೆಯ ಬೆನ್ನ ಮೇಲೂ ಅಕ್ಷರ ಬರೆದಿದ್ದರಂತೆ,
ಹಿಂದೆ ನಡೆವ ಹುಡುಗ ಓದಿಕೊಳ್ಳಲಿ ಅಂತ.

"ಎಮ್ಮಿ ಯಾವ ಬಾಗಲದಾಗ ಹೋತ್ರಿ, ಬಾಯಾರ?"
ಶೇವಂತಾ ಕೇಳಿದಳು. ಎಲ್ಲರೂ ನಕ್ಕರು.
ಹೌಸಾಬಾಯಿ ನಗಲಿಲ್ಲ.
"ನಾಚಿಕಿ ಮಾಡಿ ಕಲಿಸಿದ್ರೇನ್ರಿ?
ಕೆಸರ ತುಳಕೋತ ಹ್ವಾದಾಕಿಗೆ ತಕ್ಕಡ್ಯಾಗ ಮೋಸ ಆದ್ರ
ಕೇಳವ್ರ ಯಾರು?"

ಗೈಡಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಮಾರನೆಯ ದಿನ ಒಂದು ಕಾಗದ ತಂದಳು,
ಮಾವನ ಟ್ರಂಕಿನದು. ಮೋಡಿ ಲಿಪಿ.
ಗೆರೆಗೆ ಗೆರೆ ತೊಡರಿ, ಚಾಪೆಯ ಮೇಲೆ ಒಣಹಾಕಿದ ಶಾವಿಗೆ.
ತಲಾಠಿಗೆ ಬರಲಿಲ್ಲ, ಮರಾಠಿ ಸಾಲಿಯ ಮಾಸ್ತರರಿಗೆ ಬರಲಿಲ್ಲ,
ಎಂ.ಎ. ಓದಿದ ನನಗೂ.
ಅಲ್ಲಿಯೂ ಹೀಗೇ ಇರಬೇಕು:
ಮುತ್ತಜ್ಜನ ಗೋರಿಯ ಮುಂದೆ ಕೂತ ಹುಡುಗಿ
ಕಲ್ಲಿನ ಹೆಸರನ್ನು ಬೆರಳಿನಿಂದ ಸವರುತ್ತಾಳೆ,
ಓದಲಾರಳು.
ಇದನ್ನು ಪಾಠದಲ್ಲಿ ಹೇಳಿರಲಿಲ್ಲ ನಾನು.
ನಾಲ್ಕು ಅಂಕಕ್ಕೆ ಅಷ್ಟೆಲ್ಲ ಬೇಕಿಲ್ಲ.

"ಇರ್ಲಿ ಬಿಡ್ರಿ. ಅದು ಮಾವನ ಬಾಗಲ."
ಕಾಗದ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು,
ಎಸೆಯಲಿಲ್ಲ.

ಬುಧವಾರ ಕಾರ್ಖಾನೆಯ ಕಟ್ಟೆಯಲ್ಲಿ
ಮುಕಾದಮ ಛಾಟ್ ತೆಗೆದು ಲೆಕ್ಕ ಬರೆದ.
ಹೌಸಾಬಾಯಿ ಪುಸ್ತಕ ಕಣ್ಣಿನ ಹತ್ತಿರ ಹಿಡಿದು
ಬೆರಳಿಟ್ಟು, ತುಟಿ ಅಲುಗಿಸಿ, ಬಹಳ ಹೊತ್ತು.
ಸಾಲಿನವರು ಗೊಣಗಿದರು.
"ಎಂಟನೂರಾ... ಐವತ್ತು.
ಸಾವಿರ ತಂದೀನಿ. ನೀ ಆರಿಸಿ ಒಗದದ್ದು ಅರವತ್ತು.
ತೊಂಬತ್ತು ಎಲ್ಲೈತಿ?"

ಅವನು ಆಕೆಯ ಕಡೆ ನೋಡಲಿಲ್ಲ,
ಹಿಂದಿನ ಸಾಲಿನ ಕಡೆ ನೋಡಿದ.
ಒಬ್ಬೊಬ್ಬರೂ ಪುಸ್ತಕ ತೆರೆಯುತ್ತಿದ್ದರು,
ತಲೆಕೆಳಗಾಗಿ ಹಿಡಿದವರೂ ಇದ್ದರು.

ಆ ವರ್ಷ ಪರೀಕ್ಷೆಗೆ ಆ ಪ್ರಶ್ನೆ ಬರಲಿಲ್ಲ.
ಶೇವಂತಾ ಗಣಿತದಲ್ಲಿ ಹೋದಳು.
"ಮುಂದಿನ ಸಲ ಎಮ್ಮಿ ಪಾಠ ಇನ್ನೊಮ್ಮೆ ಹೇಳ್ರಿ," ಅಂದಳು,
ಎಲೆ ಕತ್ತರಿಸುತ್ತ.