ಏಳೇ ಮೆಟ್ಟಿಲು

ಆಲೆಮನೆಯ ಗಾಣ ನನ್ನ ಎಡಗೈಯನ್ನು
ಮಣಿಕಟ್ಟಿನವರೆಗೆ ತಿಂದು ಎರಡು ವರ್ಷ.
ಗಾಯ ಮಾಯ್ದಿದೆ. ತೊಗಲು ಕೂಡಿ
ಗೋಣಿಚೀಲದ ಬಾಯಿ ಹೊಲಿದ ಹಾಗಿದೆ.
ಆದರೆ ರಾತ್ರಿ, ನಾಯಿಗಳೂ ಸುಮ್ಮನಾದ ಮೇಲೆ,
ಇಲ್ಲದ ಕೈ ಮುಷ್ಟಿ ಕಟ್ಟುತ್ತದೆ.
ಇಲ್ಲದ ಉಗುರು ಇಲ್ಲದ ಅಂಗೈಗೆ ನಾಟುತ್ತದೆ.
ಬಿಚ್ಚೋಣವೆಂದರೆ
ಬೆರಳೆಲ್ಲಿ?

"ಇಲ್ದೇ ಇರೋ ಕೈ ಎಂಗವ್ವ ನೋಯ್ತದೆ ಚಿಕ್ಕತಾಯಿ?"
ಅತ್ತೆ ಕೇಳಿದ್ದು ಸರಿ.
ನಾನೂ ಅದನ್ನೇ ಕೇಳುತ್ತಿದ್ದೆ ಸೂರಿನ ಹೆಂಚುಗಳನ್ನು,
ಒಂದೊಂದಾಗಿ, ಬೆಳಗಾಗುವವರೆಗೆ.

ಮೈಸೂರಿನಲ್ಲಿ ಸಮ್ಮೋಹನದ ಡಾಕ್ಟರು ಅಂದಾಗ
ಅತ್ತೆ ಎದ್ದು ಕೂತಳು:
"ಮಂಕುಬೂದಿ ಎರಚೋರು ಕಣವ್ವ,
ಕತ್ತಿನ್ ಸರ ಬಿಚ್ಚಿಟ್ಟೋಗು."
ಬಿಚ್ಚಿಟ್ಟೇ ಹೋದೆ.

ಇರ್ವಿನ್ ರಸ್ತೆ, ಕನ್ನಡಕದಂಗಡಿಯ ಮೇಲಿನ ಕೋಣೆ.
ತೂಗುವ ಗಡಿಯಾರವಿಲ್ಲ, ಕರಿ ಪರದೆಯಿಲ್ಲ,
ಕಿರುಗುಟ್ಟುವ ಫ್ಯಾನು, ಒಂದು ಒರಗು ಕುರ್ಚಿ.
ಡಾಕ್ಟರ್ ಸಬೀಹಾ ಮೊದಲು ಕೇಳಿದ್ದು:
"ಸೀರಿಯಲ್ ನೋಡ್ತಾ ಯಾವತ್ತಾದರೂ ಹಾಲು ಉಕ್ಕಿಸಿದ್ದೀರಾ?"
ಎಷ್ಟು ಸಲವೋ, ಅಂದೆ.
"ಅಷ್ಟೇ ಇದು. ಇಲ್ಲಿ ಬೇಕಂತಲೇ ಮಾಡ್ತೀವಿ.
ಬೇಡ ಅನ್ನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಿ,
ಬಾಗಿಲಿಗೆ ಚಿಲಕ ಹಾಕಿಲ್ಲ."

ಆಮೇಲೆ ಇನ್ನೊಂದು ಮಾತು, ಮೆಲ್ಲಗೆ:
"ನೋವು ಇದೆ. ನೀವು ಸುಳ್ಳು ಹೇಳ್ತಿಲ್ಲ."
ಎರಡು ವರ್ಷದಲ್ಲಿ ಮೊದಲ ಸಲ ಯಾರೋ ಅಂದದ್ದು.
ಅತ್ತುಬಿಟ್ಟೆ. ಅವರು ಕಾದರು.

ಹತ್ತು ಮೆಟ್ಟಿಲು ಇಳಿಯಿರಿ, ಅಂದರು,
ನಿಮಗೆ ಗೊತ್ತಿರುವ ಜಾಗದಲ್ಲಿ.
ನನಗೆ ಗೊತ್ತಿರುವುದು ನಾಲೆಯ ಸೋಪಾನ,
ಅಲ್ಲಿರುವುದು ಏಳೇ.
ಒಂದು. ಎರಡು. ಪಾಚಿಗೆ ಹುಷಾರಾಗಿ ಮೂರು.
ನಾಕರಲ್ಲಿ ಒಡೆದ ಅಂಚು, ಯಾರೋ ಕೊರೆದ ಹೆಸರು.
ಏಳಕ್ಕೆ ಕಲ್ಲು ಮುಗಿಯಿತು, ಎಣಿಕೆ ಮುಗಿಯಲಿಲ್ಲ.
ಎಂಟಕ್ಕೆ ಪಾದ ಮುಳುಗಿತು,
ಒಂಬತ್ತಕ್ಕೆ ಮೀನಖಂಡ.
ಹತ್ತು ಅಂದಾಗ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದೆ,
ಹದಿನಾಲ್ಕು ವರ್ಷದವಳು,
ಎರಡೂ ಕೈಯಿದ್ದವಳು.

ಕೈ ಬಿಚ್ಚು ಅಂತ ಅವರು ಹೇಳಲೇ ಇಲ್ಲ.
ನೀರು ಎಷ್ಟು ತಣ್ಣಗಿದೆ ಅಂದರು.
ಮುಷ್ಟಿಯಲ್ಲಿ ಏನಿದೆ ಅಂದರು.
ಕಬ್ಬಿನ ಜಲ್ಲೆ ಇರಬೇಕು ಅಂದುಕೊಂಡಿದ್ದೆ,
ಗಾಣಕ್ಕೆ ಕೊಟ್ಟ ಕೊನೆಯದು, ಬಿಡಲಾರದೆ ಹಿಡಿದದ್ದು.
ಅಲ್ಲ. ನೋಡಿದರೆ ಸೋಪು.
ಸವೆದು ಹುಣಸೆಬೀಜದಷ್ಟಾದ ಬಟ್ಟೆ ಸೋಪಿನ ಚೂರು.
ಒತ್ತಿ ಹಿಡಿದಷ್ಟೂ ಜಾರುವಂಥದ್ದು.
ಜಾರಿತು.
ಬೆರಳ ಸಂದಿಯಲ್ಲಿ ನೀರು ಹಾದುಹೋಯಿತು,
ಕಿರುಬೆರಳಿಂದ ಒಂದೊಂದಾಗಿ,
ಹಸು ಕರುವನ್ನು ನೆಕ್ಕಿ ಎಬ್ಬಿಸುವ ಹಾಗೆ.

ಕಣ್ಣು ಬಿಟ್ಟಾಗ ಫ್ಯಾನು ಕಿರುಗುಟ್ಟುತ್ತಲೇ ಇತ್ತು.
ಕೆಳಗೆ ಯಾರೋ ಕನ್ನಡಕಕ್ಕೆ ಚೌಕಾಸಿ ಮಾಡುತ್ತಿದ್ದರು.

ನೋವು ಬಿಟ್ಟು ಹೋಯಿತು ಅಂತ ಹೇಳಲಾರೆ.
ಆಲೆ ಶುರುವಾಗಿ ಬೆಲ್ಲದ ವಾಸನೆ ಬಂದ ರಾತ್ರಿ
ಮುಷ್ಟಿ ಮತ್ತೆ ಬರುತ್ತದೆ.
ಈಗ ನಾನೇ ಎಣಿಸುತ್ತೇನೆ, ಡಾಕ್ಟರಿಲ್ಲದೆ, ಚಾಪೆಯ ಮೇಲೆ.
ಕೆಲವು ಸಲ ಐದಕ್ಕೇ ನೀರು ಸಿಗುತ್ತದೆ,
ಕೆಲವು ಸಲ ನಾಲೆ ಒಣಗಿರುತ್ತದೆ.

ಮೂರನೇ ಸಲ ಹೋಗಿ ಬರುವಾಗ
ಪಾಂಡವಪುರದ ಬಸ್ಸಿನಲ್ಲಿ ಸೀಟಿಗೆ ಒರಗಿ ನಿಂತಿದ್ದೆ.
ಬಲಗೈಯಲ್ಲಿ ಆಧಾರ್ ಕಾರ್ಡು.
ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಚಾಚಿದ,
ನಾನು ಎಡಗೈ ಚಾಚಿದೆ, ಅಂಗೈ ಅಗಲಿಸಿ,
ಮರೆತೇ ಹೋಗಿತ್ತು ನೋಡಿ.
ಚೀಟಿ ತೇಲಿ ಯಾರದೋ ಸೊಪ್ಪಿನ ಬುಟ್ಟಿಗೆ ಬಿತ್ತು.
ಹುಡುಗನ ಮುಖ ಬಿಳಿಚಿತು, "ಸಾರಿ ಅಮ್ಮ, ಸಾರಿ."

ನನಗೋ ನಗು, ತಡೆಯಲಾಗದ ನಗು.
ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೂ
ಆ ಕೈಯನ್ನು ಹಾಗೇ ಚಾಚಿಕೊಂಡಿದ್ದೆ,
ಕಿಟಕಿಯ ಗಾಳಿಗೆ.